ಇಂಜೆಕ್ಟರಿಗೆ ಕಿವಿ ಕೊಟ್ಟವನು

ಉಸ್ತಾದನಿಗೆ ಸ್ವಂತ ಕಾರಿರಲಿಲ್ಲ. ಇದ್ದದ್ದು ಒಂದು ಹಳೆಯ ಮೊಪೆಡ್ಡು, ಅದರ ಸೀಟು ಹರಿದು ಒಳಗಿನ ಸ್ಪಂಜು ಕಾಣುತ್ತಿತ್ತು. ಸುತ್ತಲಿನ ಊರುಗಳ ಹುಡುಗರ ಕಾರುಗಳಿಗೆಲ್ಲ ವೇಗ ಹಚ್ಚಿಕೊಟ್ಟ ಮನುಷ್ಯ, ತಾನು ಮಾತ್ರ ದಂಡೋತಿಯಿಂದ ವಾಡಿಗೆ ದಿನಾ ಆ ಮೊಪೆಡ್ಡಿನ ಮೇಲೆ ರಸ್ತೆಯ ಅಂಚು ಹಿಡಿದು ಮೆಲ್ಲಗೆ ಬರುತ್ತಿದ್ದ. ಆದರೆ ಸತ್ತದ್ದು ಕಾರಿನಲ್ಲಿ. ಮೊನ್ನೆಯ ಚಳಿಗಾಲದಲ್ಲಿ, ಬೇರೆಯವರ ಕಾರಿನಲ್ಲಿ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು.

ಹೆಸರು ಬರೆಯುವುದಿಲ್ಲ. ಬರೆಯಲೇ ಎಂದು ಅವನ ಹೆಂಡತಿಯನ್ನು ಕೇಳಿದೆ. “ಬ್ಯಾಡ್ರಿ ಅಕ್ಕಾ, ಅಂವನ ಹೆಸರು ಇನ್ನ ಆರಾಮ ಇರ್ಲಿ” ಎಂದಳು. ಹೆಸರು ಹಿಡಿದು ಕರೆಯುವವರೂ ಕಡಿಮೆಯಿದ್ದರು. ನಮ್ಮ ಕಡೆ ಸ್ಪ್ಯಾನರ್ ಹಿಡಿದವನು ಯಾವ ಜಾತಿ ಮತದವನಾದರೂ ಉಸ್ತಾದನೇ. ಇವನ ಅಜ್ಜ ಕಾಗಿಣಾ ಹೊಳೆಯಲ್ಲಿ ಜನರನ್ನು ದಾಟಿಸುತ್ತಿದ್ದನಂತೆ. ಸೇತುವೆಯಾದ ಮೇಲೆ ಅಪ್ಪ ಕಂಡವರ ಹೊಲಕ್ಕೆ ಕೂಲಿ ಹೋದ. ಮಗ ಲಾರಿಗಳ ಡೀಸೆಲ್ ಪಂಪು ರಿಪೇರಿ ಕಲಿತ, ಆಮೇಲೆ ಹೈದರಾಬಾದಿನ ಗ್ಯಾರೇಜೊಂದರಲ್ಲಿ ಕೆಲವು ವರ್ಷ ದುಡಿದು, ಟರ್ಬೊ ಕೂಡಿಸಿದ ಪೆಟ್ರೋಲ್ ಕಾರುಗಳನ್ನು ಲ್ಯಾಪ್‌ಟಾಪ್ ಹಚ್ಚಿ ಟ್ಯೂನ್ ಮಾಡುವುದನ್ನು ಕಲಿತು ಬಂದ.

ನಾನು ವಾಡಿ ಸ್ಟೇಷನ್ನಿನ ಟಿಕೆಟ್ ಕೌಂಟರಿನಲ್ಲಿ ಕೂರುವವಳು. ದಿನವಿಡೀ ಜನರ ಮುಖ ನೋಡಿ ನೋಡಿ ಯಾರನ್ನೂ ಸುಲಭಕ್ಕೆ ಮೆಚ್ಚದ ಬುದ್ಧಿ ಬಂದಿದೆ. ಊರ ಹೊರಗೆ, ಶಹಾಬಾದ್ ರಸ್ತೆಗೆ, ನಮ್ಮದೊಂದು ಸಣ್ಣ ಕಲ್ಲಿನ ಯುನಿಟ್ಟು ಇದೆ, ಮನೆಯೂ ಅದೇ ಕಾಂಪೌಂಡಿನಲ್ಲಿ. ನೆಲಕ್ಕೆ ಹಾಸುವ ಫರ್ಸಿ ಕಲ್ಲು ಕೊಯ್ದು ಪಾಲಿಶ್ ಮಾಡುವುದು. ಅಪ್ಪ ಹೋದ ಮೇಲೆ ಅವ್ವ ಅದನ್ನು ನಡೆಸಿದಳು, ಆಮೇಲೆ ನನ್ನ ತಮ್ಮ. ಉಸ್ತಾದನ ಶೆಡ್ಡು ನಮ್ಮ ಕಾಂಪೌಂಡಿಗೆ ಅಂಟಿಕೊಂಡೇ ಇತ್ತು.

ಆ ಜಾಗದಲ್ಲಿ ಇಂಥ ಕೆಲಸಕ್ಕೆ ಶೆಡ್ಡು ಹಾಕಿದವನಿಗೆ ತಲೆ ನೆಟ್ಟಗಿದೆಯೇ ಎಂದು ನಾನು ಮೊದಲಿಗೆ ಅಂದುಕೊಂಡಿದ್ದೆ. ಒಂದು ಕಡೆ ಸಿಮೆಂಟ್ ಫ್ಯಾಕ್ಟರಿಯ ಧೂಳು, ಇನ್ನೊಂದು ಕಡೆ ನಮ್ಮದೇ ಕಲ್ಲಿನ ಧೂಳು. ಇಂಜೆಕ್ಟರಿನ ಸಣ್ಣ ಬಾಯಿಗೆ ಒಂದು ಕಣ ಧೂಳು ಹೊಕ್ಕರೂ ಅದು ಕೆಟ್ಟಿತು. ಅದನ್ನು ಬಿಚ್ಚುವ ದಿನ ಅವನು ನೆಲಕ್ಕೆ ನೀರು ಚಿಮುಕಿಸಿ, ಶಟರ್ ಎಳೆದು, ಫ್ಯಾನ್ ಬಂದ್ ಮಾಡಿ, ಹೆಂಡತಿಯ ಹಳೆಯ ಸೀರೆಯ ತುಂಡು ಹಾಸಿ ಅದರ ಮೇಲೆ ಕೆಲಸಕ್ಕೆ ಕೂರುತ್ತಿದ್ದ. ಹೊರಗೆ ಬಿಸಿಲು ಕಲ್ಲು ಸಿಡಿಸುತ್ತಿದ್ದರೂ ಫ್ಯಾನ್ ಹಚ್ಚುತ್ತಿರಲಿಲ್ಲ. ಕೆಲಸ ಮುಗಿಸಿ ಶಟರ್ ಎತ್ತಿದಾಗ ಅಂಗಿ ಹಿಂಡಿದರೆ ನೀರು ಬೀಳುವಂತಿರುತ್ತಿತ್ತು. ಗಿರಾಕಿಗಳು ನಗುತ್ತಿದ್ದರು. ಅವನು ಅವರ ನಗೆಯ ಕಡೆಗೆ ನೋಡುತ್ತಲೇ ಇರಲಿಲ್ಲ.

ಹಾಗೆ ಬೆವರು ಸುರಿಸಿಕೊಂಡು ನೇರ ನಮ್ಮ ಅಂಗಳಕ್ಕೆ ಬರುತ್ತಿದ್ದ. ನಮ್ಮ ಮನೆಗೆ ಯಾರೇ ಬರಲಿ, ಏನು ಬಂದಿರಿ ಎಂದು ಕೇಳುವ ಮೊದಲು ಅವ್ವ ಹಿತ್ತಾಳೆ ತಂಬಿಗೆಯಲ್ಲಿ ನೀರು ತಂದಿಡುತ್ತಾಳೆ. ಅಂಚೆಯವನಿಗೂ ಅದೇ, ಜಗಳಕ್ಕೆ ಬಂದವನಿಗೂ ಅದೇ. ಉಸ್ತಾದ ಶುರುವಿನಲ್ಲಿ ತಂಬಿಗೆಯನ್ನು ಮೇಲೆತ್ತಿ, ತುಟಿಗೆ ತಾಗಿಸದೆ ಗಟಗಟ ಕುಡಿಯುತ್ತಿದ್ದ, ಅರ್ಧ ಎದೆಯ ಮೇಲೆ ಸುರಿಯುತ್ತಿತ್ತು. ಒಂದು ದಿನ ಅವ್ವ ಗದರಿದಳು. “ಬಾಯಿ ಹಚ್ಚಿ ಕುಡಿಯೋ ಉಸ್ತಾದ. ನೀರ ಸುಮ್ನ ಹಾಳ ಮಾಡ್ಲಿಕತ್ತಿ.” ಅವನು ಒಂದು ಗಳಿಗೆ ಅವ್ವನ ಮುಖವನ್ನೇ ನೋಡಿದ, ಆಮೇಲೆ ಬಾಯಿ ಹಚ್ಚಿ ಕುಡಿದ. ಅಂದಿನಿಂದ ಹಾಗೆಯೇ ಕುಡಿಯುತ್ತಿದ್ದ.

ಅವನ ಕೆಲಸ ಏನೆಂದು ನನಗೆ ತಿಳಿದದ್ದು ಒಂದು ಸ್ಕ್ರೂಡ್ರೈವರಿನಿಂದ. ಅದು ಮೊಳದುದ್ದ ಇತ್ತು. ಓಡುತ್ತಿರುವ ಇಂಜಿನ್ನಿನ ಇಂಜೆಕ್ಟರಿಗೆ ಅದರ ತುದಿ ಮುಟ್ಟಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಇಂಜೆಕ್ಟರ್ ಎಂದರೆ ಇಂಜಿನ್ನಿನೊಳಕ್ಕೆ ಪೆಟ್ರೋಲು ಚಿಮ್ಮಿಸುವ ಬೆರಳುದ್ದದ ಸಾಮಾನು. ಗಾಡಿಯ ಯಜಮಾನನೂ ಅದನ್ನು ಕೇಳಲೇಬೇಕು, ಕೇಳದೆ ಕೀಲಿ ಕೊಡುತ್ತಿರಲಿಲ್ಲ. ಒಂದು ದಿನ ಸುಮ್ಮನೆ ನಿಂತು ನೋಡುತ್ತಿದ್ದ ನನ್ನ ಕೈಗೂ ಕೊಟ್ಟ.

“ಕೇಳ್ರಿ ಅಕ್ಕೋರೆ. ಬಾಯಿ ತೆರೀತದ, ಮುಚ್ತದ.”

ಟಕ್, ಟಕ್, ಟಕ್ ಎನ್ನುತ್ತಿತ್ತು. ನನ್ನ ತಮ್ಮ ಕಾರಿನೊಳಗೆ ಕೂತು ಆಕ್ಸಿಲರೇಟರ್ ಒತ್ತಿದ. ಟಕ್‌ಟಕ್ ಒಂದರ ಬೆನ್ನಿಗೆ ಒಂದು ಬಿದ್ದು, ಕೊನೆಗೆ ನಡುವೆ ಬಿಡುವೇ ಇಲ್ಲವೆನಿಸಿತು.

“ಒಂದ ಸರ್ತಿ ಪೆಟ್ರೋಲ್ ಬಿಟ್ಟ ಮ್ಯಾಲೆ ಇನ್ನೊಂದ ಸರ್ತಿ ಬಿಡೂತನಕ ಇರೂ ಟೈಮಿಗಿ ನೂರು ಅನ್ರಿ” ಎಂದ. “ಅದರಾಗ ಎಷ್ಟ ಹೊತ್ತು ಬಾಯಿ ತೆರದಿರ್ತದ, ಅದಕ್ಕ ಡ್ಯೂಟಿ ಸೈಕಲ್ ಅಂತಾರ. ಗಾಡಿ ಜೋರ್ ಹೋದಂಗ ಟೈಮ್ ಕಮ್ಮಿ ಆಗ್ತದ. ಟರ್ಬೊ ಗಾಳಿ ತುರಕಿದಂಗ ಪೆಟ್ರೋಲ್ ಜಾಸ್ತಿ ಬೇಕಾಗ್ತದ. ನಾ ಎಂಬತ್ತಕ್ಕ ನಿಂದ್ರಸ್ತೀನಿ. ಇಪ್ಪತ್ತು ಮುಚ್ಚಿರಬೇಕ್ರಿ. ಅದೂ ಉಸರ ತಗೋಬೇಕಲ್ಲ?”

ನೂರಕ್ಕೆ ಹೋದರೆ ಏನಾಗುತ್ತದೆ ಎಂದು ಕೇಳಿದೆ. ನೂರಕ್ಕೆ ಹೋದರೆ ಇಂಜೆಕ್ಟರ್ ತೆರೆದ ಬಾಯಿ ತೆರೆದೇ ಇರುತ್ತದೆ. ಅಲ್ಲಿಂದ ಮುಂದೆ ಲ್ಯಾಪ್‌ಟಾಪಿನಲ್ಲಿ ಏನು ಹೇಳಿದರೂ ಒಂದು ಹನಿ ಹೆಚ್ಚಿಗೆ ಬರುವುದಿಲ್ಲ. ಗಾಳಿ ಮಾತ್ರ ಬರುತ್ತಲೇ ಇರುತ್ತದೆ. ಪೆಟ್ರೋಲು ಸಾಲದ ಬೆಂಕಿ ಮಿತಿಮೀರಿ ಕಾದು, ಒಳಗಿನ ಪಿಸ್ಟನ್ನನ್ನೇ ಕರಗಿಸುತ್ತದೆ. ಇದನ್ನು ಅವನು ಹೇಳಿದ್ದು ಮನೆಯವರ ಕಾಯಿಲೆ ಹೇಳುವ ದನಿಯಲ್ಲಿ.

ಚಿಂಚೋಳಿಯ ಗುತ್ತಿಗೆದಾರನೊಬ್ಬ ಒಮ್ಮೆ ದೊಡ್ಡ ಕಾರು ತಂದು, ಇನ್ನೂ ಜೋರು ಬೇಕು ಎಂದು ಹಟ ಹಿಡಿದ. ದೊಡ್ಡ ಇಂಜೆಕ್ಟರ್ ಹಾಕಿಸದೆ ಆಗುವುದಿಲ್ಲ ಎಂದ ಉಸ್ತಾದ. ಆತ ದನಿ ಏರಿಸಿದ. ಉಸ್ತಾದ ಬಾನೆಟ್ ಮುಚ್ಚಿ, ಗಾಡಿಯ ಮೇಲಿನ ತನ್ನ ಕೈಗುರುತು ಒರೆಸಿ, ಕೀಲಿಯನ್ನು ಆತನ ಜೇಬಿಗೇ ಹಾಕಿ ಒಳಗೆ ಹೋದ. ಗಿರಾಕಿಯನ್ನು ಬಿಡುತ್ತಿದ್ದ, ಎಂಬತ್ತನ್ನು ಬಿಡುತ್ತಿರಲಿಲ್ಲ. ಒಂದೇ ಸಲ ಬಿಟ್ಟ. ಅದು ನನ್ನ ತಮ್ಮನಿಗಾಗಿ.

ತಮ್ಮನ ಬಗ್ಗೆ ಒಳ್ಳೆಯದನ್ನೇ ಬರೆಯಬೇಕು, ಸತ್ತಿದ್ದಾನೆ. ಒಳ್ಳೆಯವನೇ ಇದ್ದ. ಕೆಲಸದವರ ಜೊತೆ ಕೂತು ಉಣ್ಣುತ್ತಿದ್ದ, ಅವ್ವನ ಕಾಲು ಒತ್ತುತ್ತಿದ್ದ, ನನ್ನನ್ನು ‘ರೈಲ್ವೆ ಮಂತ್ರಿ’ ಎಂದು ರೇಗಿಸುತ್ತಿದ್ದ. ಆದರೆ ಕಾರಿನ ವಿಷಯ ಬಂದರೆ ತಲೆ ನಿಲ್ಲುತ್ತಿರಲಿಲ್ಲ. ಹಳೆಯದೊಂದು ಕಾರು ಕೊಂಡು, ಉಸ್ತಾದನಿಂದ ದೊಡ್ಡ ಟರ್ಬೊ ಕೂಡಿಸಿಕೊಂಡಿದ್ದ. ಸೇಡಮ್ಮಿನ ಗೆಳೆಯನೊಬ್ಬನ ಕಾರು ತನ್ನದಕ್ಕಿಂತ ಮುಂದೆ ಹೋಯಿತು ಎಂಬ ಒಂದು ಮಾತು ಅವನ ಹೊಟ್ಟೆಯಲ್ಲಿ ಕೂತಿತ್ತು.

ಮೇ ತಿಂಗಳ ಒಂದು ಮಧ್ಯಾಹ್ನ. ನನಗೆ ರಜೆ, ಮಜ್ಜಿಗೆ ಕೊಡಲು ಶೆಡ್ಡಿಗೆ ಹೋಗಿದ್ದೆ. ಇಬ್ಬರೂ ಲ್ಯಾಪ್‌ಟಾಪಿನ ಮುಂದೆ ಇದ್ದರು.

“ಉಸ್ತಾದ್, ಇನ್ನ ಜರಾ ಕೊಡ್ರಿ” ಎಂದ ತಮ್ಮ.

“ಎಂಬತ್ತಕ್ಕ ಬಂದದೋ ತಮ್ಮಾ. ದೊಡ್ಡ ಇಂಜೆಕ್ಟರ್ ಹೈದರಾಬಾದದಿಂದ ಬರ್ಲಿ.”

“ಅವು ಬರೂತನಕ ನಾ ಮುದುಕ ಆಗ್ತೀನಿ. ಇನ್ನ ಜರಾ ಅಷ್ಟ. ಈ ಬಿಸಿಲಾಗ ತಡೀತದೋ ಇಲ್ಲೋ ನೋಡ್ರಿ. ಇಲ್ಲಿ ತಡದ್ರ ಎಲ್ಲಿ ತಡಿಯಂಗಿಲ್ಲ?”

ಉಸ್ತಾದ ಹೊರಗಿನ ಬಿಸಿಲು ನೋಡಿದ. ಡಾಂಬರು ಬೆವೆತಿತ್ತು. ನಮ್ಮ ಕಡೆಯ ಜನ ಎಲ್ಲವನ್ನೂ ಬೇಸಿಗೆಗೆ ಒಡ್ಡಿಯೇ ನಂಬುವುದು. ಟೈರು, ಕೂಲರು, ಮನೆಯ ಸ್ಲ್ಯಾಬು, ಹೊಸ ಸೊಸೆ, ಏನೇ ಆಗಲಿ, ಒಂದು ಮೇ ತಿಂಗಳು ದಾಟಿತೆಂದರೆ ಇನ್ನು ಚಿಂತೆಯಿಲ್ಲ ಎನ್ನುತ್ತೇವೆ. ಚಳಿಗೆ ಹೆದರುವುದು ನಮಗೆ ಗೊತ್ತೇ ಇಲ್ಲ. ಮಗನ ವಯಸ್ಸಿನ ಹುಡುಗ ಮುಖ ಸಣ್ಣ ಮಾಡಿಕೊಂಡು ನಿಂತಿದ್ದ. ಉಸ್ತಾದ ಏನೋ ಒತ್ತಿದ. ತೊಂಬತ್ತು ದಾಟಿತು. ಇಬ್ಬರೂ ಗಾಡಿ ಹೊಡೆದುಕೊಂಡು ಹೋಗಿ ಬಂದರು. ಏನೂ ಆಗಲಿಲ್ಲ. ತಮ್ಮ ಉಸ್ತಾದನ ಹೆಗಲ ಮೇಲೆ ಕೈ ಹಾಕಿ ಕುಣಿದ. ದೊಡ್ಡ ಇಂಜೆಕ್ಟರಿನ ಮಾತನ್ನು ಆಮೇಲೆ ಇಬ್ಬರೂ ಎತ್ತಲಿಲ್ಲ.

ಬೇಸಿಗೆಯ ಗಾಳಿ ತೆಳು, ಥಂಡಿಯ ಗಾಳಿ ದಟ್ಟ. ಅದೇ ಟರ್ಬೊ, ಅದೇ ಇಂಜಿನ್, ಚಳಿಗಾಲದ ಬೆಳಿಗ್ಗೆ ಹೆಚ್ಚು ಗಾಳಿ ನುಂಗುತ್ತದೆ, ಅದಕ್ಕೆ ತಕ್ಕಂತೆ ಹೆಚ್ಚು ಪೆಟ್ರೋಲು ಕೇಳುತ್ತದೆ. ಬೇಸಿಗೆಯಲ್ಲಿ ತೊಂಬತ್ತಕ್ಕೆ ನಡೆದದ್ದಕ್ಕೆ ಚಳಿಯಲ್ಲಿ ನೂರೂ ಸಾಲದು. ಇದು ಉಸ್ತಾದನಿಗೆ ಗೊತ್ತಿರಲಿಲ್ಲ ಎಂದಲ್ಲ. ಎಂಬತ್ತರಲ್ಲಿ ನಿಲ್ಲಿಸುತ್ತಿದ್ದವನಿಗೆ ಅದನ್ನು ನೆನೆಯುವ ಪ್ರಸಂಗವೇ ಬಂದಿರಲಿಲ್ಲ. ಉಳಿಸಿದ ಇಪ್ಪತ್ತೇ ಅಲ್ಲಿಯವರೆಗೆ ಚಳಿಯನ್ನು ಸಂಭಾಳಿಸುತ್ತಿತ್ತು.

ಜನವರಿಯ ಒಂದು ಬೆಳಿಗ್ಗೆ ತಮ್ಮ ಸೇಡಮ್ಮಿಗೆ ಹೊರಟ. ವಾಡಿ ದಾಟಿ ಚಿತ್ತಾಪುರದ ಕಡೆಗಿನ ನೇರ ರಸ್ತೆಯಲ್ಲಿ ಗಾಡಿ ಬಿಟ್ಟಿದ್ದಾನೆ. ಇಂಜಿನ್ ಒಮ್ಮೆಲೇ ಸತ್ತು ಗಾಡಿ ರಸ್ತೆಯ ನಡುವೆ ನಿಂತಿದೆ. ಅದು ನಿಂತ ತಗ್ಗಿನಲ್ಲಿ ಮಂಜು ಎಷ್ಟು ಕವಿದಿತ್ತೆಂದರೆ ನಿಂತವನು ಗಾಡಿ ಓಡಿಸುವವನಿಗೆ ಕಾಣುವಂತಿರಲಿಲ್ಲ. ಇಳಿದು ಬಾನೆಟ್ ಎತ್ತಿ ನೋಡುತ್ತಿದ್ದಾಗ ಸಿಮೆಂಟು ತುಂಬಿದ ಬಲ್ಕರ್ ಲಾರಿ ಹಿಂದಿನಿಂದ ಬಂದು ಹೊಡೆದಿದೆ. ದಂಡೋತಿಯಿಂದ ಮೊಪೆಡ್ ಮೇಲೆ ಬರುತ್ತಿದ್ದ ಉಸ್ತಾದನೇ ಅಲ್ಲಿಗೆ ಮೊದಲು ಬಂದವನು. ನನಗೆ ಫೋನ್ ಮಾಡಿದವನೂ ಅವನೇ. “ಅಕ್ಕೋರೆ, ಬರ್ರಿ” ಎಂದಷ್ಟೇ ಹೇಳಿದ.

ಲಾರಿ ಡ್ರೈವರ್ ತೆಂಗಳಿಯವನು, ಅವನಿಗೂ ತಮ್ಮನದೇ ವಯಸ್ಸು. ಓಡಿಹೋಗದೆ ಅಲ್ಲಿಯೇ ಕೂತಿದ್ದನಂತೆ. ಅವನನ್ನು ಹಿಡಿದು ಒಳಗೆ ಹಾಕಿದರು. ಅವನು ಜೈಲಿನಲ್ಲೇ ಕೊಳೆಯಬೇಕು ಎಂದು ನಮ್ಮ ಬಂಧುಗಳೆಲ್ಲ ಹಲ್ಲು ಕಡಿದರು. ನಾನೂ ಕಡಿದೆ. ಅವ್ವ ಮಾತ್ರ ಹಣೆಗೆ ವಿಭೂತಿ ಹಚ್ಚಿಕೊಳ್ಳುವುದನ್ನೂ ಮರೆತು ಅಂಗಳದ ಕಲ್ಲಿನ ಮೇಲೆ ಕೂತಿರುತ್ತಿದ್ದಳು.

ನಜ್ಜುಗುಜ್ಜಾದ ಕಾರನ್ನು ಪೊಲೀಸರು ಬಿಟ್ಟುಕೊಟ್ಟ ಮೇಲೆ ತಂದು ನಮ್ಮ ಅಂಗಳದ ಮೂಲೆಯಲ್ಲಿ ಕೆಡವಿದರು. ಮರುದಿನ ಉಸ್ತಾದ ಬಂದು, ಯಾರೂ ಹೇಳದೆ ಇಂಜಿನ್ ಬಿಚ್ಚಲು ಕೂತ. ಅವ್ವ ಎಂದಿನಂತೆ ನೀರು ತಂದಿಟ್ಟಳು. ಅವನು ಮುಟ್ಟಲಿಲ್ಲ. ಸಂಜೆಗೆ ಒಂದು ಪಿಸ್ಟನ್ ಹೊರತೆಗೆದ. ಅದನ್ನು ಎರಡೂ ಕೈಯಲ್ಲಿ ಹಿಡಿದು ಬಂದು ಅವ್ವನ ಮುಂದೆ ನೆಲಕ್ಕೆ ಕೂತ. ಪಿಸ್ಟನ್ನಿನ ತಲೆಯ ಮೇಲೆ ಒಂದು ತೂತು. ಅಂಚು ಮೇಣದಂತೆ ಕರಗಿ ಇಳಿದಿತ್ತು.

“ಯವ್ವಾ, ಲಾರಿಯವಂದು ತಪ್ಪಿಲ್ಲ. ತಪ್ಪು ನಂದು” ಎಂದ.

ಅವ್ವನಿಗೆ ಅರ್ಥವಾಗಲಿಲ್ಲ. ಅವನು ಸುತ್ತ ನೋಡಿದ. ಕಲ್ಲು ಕೊಯ್ಯುವ ಮಷೀನು ಕಂಡಿತು. ಅದರ ಬ್ಲೇಡಿನ ಮೇಲೆ ಸದಾ ನೀರು ಬೀಳುತ್ತಿರಬೇಕು, ನೀರು ಕಡಿಮೆಯಾದರೆ ಬ್ಲೇಡು ಕೆಂಪಗೆ ಕಾದು ಹಾಳಾಗುತ್ತದೆ. ಅವ್ವನಿಗೆ ಅದನ್ನು ಯಾರೂ ಕಲಿಸಬೇಕಿಲ್ಲ.

“ಬ್ಲೇಡ್ ಜೋರ್ ತಿರುಗಿದಂಗ ನೀರ ಜಾಸ್ತಿ ಬಿಡ್ತೀರಲ್ಲ, ನಳ ತಿರುವಿ ತಿರುವಿ. ನಳ ಪೂರ್ತಿ ತೆರದ ಮ್ಯಾಲೆ?”

“ಆಮ್ಯಾಲೆ ಎಲ್ಲಿ ನೀರು? ಎಷ್ಟ ತಿರುವಿದ್ರೂ ಅಷ್ಟ” ಎಂದಳು ಅವ್ವ.

“ಅಂವನ ಗಾಡಿದಾಗ ನಳ ಪೂರ್ತಿ ತೆರದಿತ್ತು. ಥಂಡಿಗಿ ಇನ್ನ ಜಾಸ್ತಿ ಬೇಕಾಯ್ತು. ಇರ್ಲಿಲ್ಲ. ಸುಟ್ಟು ಹೋಯ್ತು. ಅದಕ್ಕ ಗಾಡಿ ನಡು ರಸ್ತೆದಾಗ ನಿಂತದ.”

ಅವ್ವ ಪಿಸ್ಟನ್ ತೆಗೆದುಕೊಂಡು ಅದರ ತೂತಿನಲ್ಲಿ ಬೆರಳಿಟ್ಟಳು.

“ನಳ ತೆರದಿದ್ದು ಯಾರು?”

“ನಾ, ಯವ್ವಾ.”

“ಅಷ್ಟ ತೆರೀಬಾರದಂತ ನಿನಗ ಗೊತ್ತಿತ್ತೇನು?”

“ಗೊತ್ತಿತ್ತು. ಅಂವ ಇನ್ನ ಜರಾ ಕೊಡ್ರಿ ಅಂದ. ಬ್ಯಾಸಗ್ಯಾಗ ತಡೀತು. ನಾ ಸುಮ್ನಾದೆ.”

ಅವ್ವ ಅವನ ಪಕ್ಕದಲ್ಲಿದ್ದ ತಂಬಿಗೆಯನ್ನು ಎತ್ತಿಕೊಂಡು ಎದ್ದಳು. ಬೆಳಗಿನಿಂದ ಮುಟ್ಟದೆ ಇಟ್ಟಿದ್ದ ಆ ನೀರನ್ನು ಅಂಗಳದ ಮಣ್ಣಿಗೆ ಚೆಲ್ಲಿ ಒಳಗೆ ಹೋದಳು. ನನಗೆ ಅವನನ್ನು ಎಳೆದು ಹೊಡೆಯಬೇಕೆನಿಸಿತು. ಅವನು ಹೇಳದಿದ್ದರೆ ನಮಗೆ ಯಾವ ಜನ್ಮಕ್ಕೂ ತಿಳಿಯುತ್ತಿರಲಿಲ್ಲ. ಲಾರಿಯವನನ್ನು ಶಪಿಸಿಕೊಂಡು ಬದುಕುವುದು ಎಷ್ಟೋ ಸಲೀಸಾಗಿತ್ತು. ಅದನ್ನೂ ಅವನು ನಮ್ಮಿಂದ ಕಿತ್ತುಕೊಂಡ ಎಂದೇ ನನಗೆ ಸಿಟ್ಟು ಬಂತು.

ಅವನು ಠಾಣೆಗೆ ಹೋದ, ವಕೀಲರ ಹತ್ತಿರ ಹೋದ. ಡ್ಯೂಟಿ ಸೈಕಲ್ ಎಂದರೆ ಯಾವ ಸೈಕಲ್ಲು ಎಂದು ಕೇಳಿದವರಿದ್ದರು. ಇಂಜಿನ್ ಸುಟ್ಟಿದ್ದಕ್ಕೆ ಯಾರ ಮೇಲೆ ಕೇಸು ಹಾಕುವುದು, ಮನೆಗೆ ಹೋಗಿ ಮಲಗು ಎಂದರು. ಕೊನೆಗೆ ಅವ್ವನೇ ಬಂಧುಗಳ ಮಾತು ಮೀರಿ ಕೋರ್ಟಿನಲ್ಲಿ ನಿಂತು, “ನನ್ನ ಮಗನ ಗಾಡಿ ಸುಟ್ಟು ನಡು ರಸ್ತೆದಾಗ ನಿಂತಿತ್ರಿ. ಮಂಜಿನ್ಯಾಗ ಆ ಹುಡುಗಗ ಹ್ಯಾಂಗ ಕಾಣ್ಬೇಕು?” ಎಂದಳು. ಉಸ್ತಾದ ಪಿಸ್ಟನ್ ತೋರಿಸಿದ. ತೆಂಗಳಿಯ ಹುಡುಗ ಬಿಡುಗಡೆಯಾದ. ಉಸ್ತಾದನಿಗೆ ಯಾರೂ ಏನೂ ಮಾಡಲಿಲ್ಲ. ಅದೇ ಅವನಿಗೆ ಸಹಿಸಲಾಗದೆ ಹೋಯಿತು.

ಕೋರ್ಟಿನ ಹೊರಗೆ ಅವನು ಅವ್ವನ ಎದುರು ಬಂದು, “ಯವ್ವಾ, ಇವತ್ತಿನಿಂದ ಈ ಕೆಲಸ ಬಿಟ್ಟೀನಿ” ಎಂದ.

ಅವ್ವ ಅವನ ಮುಖ ನೋಡದೆ ಹೇಳಿದಳು. “ಬಿಡಬ್ಯಾಡ. ನೀ ಬಿಟ್ರ ಹುಡುಗರು ಇನ್ನೊಬ್ಬನ ಹಂತ್ಯಾಕ ಹೋಗ್ತಾರ. ನೀ ಹಚ್ಚಿಕೊಟ್ಟ ಗಾಡಿ ಎಷ್ಟವ, ಎಲ್ಲಾನೂ ಥಂಡ್ಯಾಗ ತಿರುಗಿ ನೋಡು. ಸಾಯೂತನಕ ನೋಡು.”

ನಾನು ಇದನ್ನು ಕ್ಷಮೆ ಎಂದು ಒಂದು ದಿನವೂ ತಿಳಿಯಲಿಲ್ಲ. ಅವನೂ ತಿಳಿಯಲಿಲ್ಲ. ಆ ಕೆಲಸದ ಮೇಲಿನ ಪ್ರೀತಿ ಅವನಿಗೆ ಹೋಗಿತ್ತು, ಸ್ಕ್ರೂಡ್ರೈವರ್ ಕಿವಿಗಿಡುವಾಗ ಕಣ್ಣು ಮುಚ್ಚುವುದನ್ನೂ ಬಿಟ್ಟಿದ್ದ. ಆದರೂ ಚಳಿ ಶುರುವಾಯಿತೆಂದರೆ ಶಹಾಬಾದ್, ಸೇಡಂ, ಚಿಂಚೋಳಿ ಎಂದು ಒಬ್ಬೊಬ್ಬರಿಗೂ ಫೋನ್ ಮಾಡಿ ಕರೆಸುತ್ತಿದ್ದ. ನಸುಕಿನಲ್ಲಿ, ಗಾಳಿ ಅತಿ ತಣ್ಣಗಿರುವಾಗ, ಅದೇ ಚಿತ್ತಾಪುರದ ರಸ್ತೆಗೆ ಒಯ್ದು, ಪಕ್ಕದ ಸೀಟಿನಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತು, ಎಂಬತ್ತು ದಾಟಿದ್ದನ್ನು ಅಲ್ಲಿಯೇ ಇಳಿಸುತ್ತಿದ್ದ. ಹುಡುಗರು ಗೊಣಗುತ್ತಿದ್ದರು. ಬರದವರ ಮನೆಗೆ ತಾನೇ ಮೊಪೆಡ್ ಹೊಡೆದುಕೊಂಡು ಹೋಗುತ್ತಿದ್ದ. ನಡುವೆ ತಮ್ಮ ಬಿದ್ದ ಜಾಗ ಬಂದಾಗ ಕಣ್ಣು ಆಚೆ ತಿರುಗಿಸುತ್ತಿದ್ದನೋ, ನೋಡುತ್ತಿದ್ದನೋ, ನನಗೆ ಗೊತ್ತಿಲ್ಲ.

ಪ್ರತಿ ಚಳಿಗಾಲದ ಕೊನೆಗೆ ನಮ್ಮ ಗೇಟಿಗೆ ಬಂದು ಹೊರಗೇ ನಿಲ್ಲುತ್ತಿದ್ದ. “ಎಲ್ಲಾ ನೋಡೀನಿ ಯವ್ವಾ” ಎನ್ನುತ್ತಿದ್ದ. ಅವ್ವ ತಲೆಯಾಡಿಸುತ್ತಿದ್ದಳು. ಒಳಗೆ ಬಾ ಎನ್ನಲಿಲ್ಲ, ಕುಂದ್ರು ಎನ್ನಲಿಲ್ಲ, ನೀರು ಕೊಡಲಿಲ್ಲ. ತೆಂಗಳಿಯ ಲಾರಿ ಡ್ರೈವರ್ ಒಮ್ಮೆ ಕೈ ಮುಗಿಯಲು ಬಂದಾಗ ಅವನಿಗೆ ನೀರು ಕೊಟ್ಟಳು, ಬೆಲ್ಲವನ್ನೂ ಕೊಟ್ಟಳು. ಉಸ್ತಾದನಿಗೆ ಮಾತ್ರ ಇಲ್ಲ. ಅವನು ಒಂದು ಗಳಿಗೆ ನಿಂತು, ಒಣ ತುಟಿ ಸವರಿಕೊಂಡು ಹೋಗುತ್ತಿದ್ದ. ಕೊಡೆಂದು ನಾನು ಅವ್ವನಿಗೆ ಹೇಳಲಿಲ್ಲ, ನನಗೂ ಮನಸ್ಸಿರಲಿಲ್ಲ. ಅವನ ಮೇಲಿನ ಸಿಟ್ಟು ಈಗಲೂ ಪೂರ್ತಿ ಹೋಗಿಲ್ಲ. ಆದರೆ ಚಳಿಯ ದಿನಗಳಲ್ಲಿ ಆ ಮೊಪೆಡ್ಡಿನ ಸದ್ದು ಕೇಳದಿದ್ದರೆ ಯಾಕೆ ಬರಲಿಲ್ಲ ಎಂದು ಕಿಟಕಿಯಿಂದ ನೋಡುತ್ತಿದ್ದುದೂ ನಾನೇ.

ಈ ಸಲ ಶಹಾಬಾದಿನ ಹುಡುಗನೊಬ್ಬನ ಕಾರಿನಲ್ಲಿ ಹೋಗುವಾಗ ಅವನಿಗೆ ಎದೆ ಹಿಡಿದುಕೊಂಡಿತು. ಸುದ್ದಿ ತಂದವನು ಆ ಹುಡುಗನೇ. ಟಿಕೆಟ್ ಕೌಂಟರಿನ ಕಿಂಡಿಯ ಆಚೆ ನಿಂತು ಅಳುತ್ತಿದ್ದ. “ನಾ ಗಾಬರಿ ಆಗಿ ಅಲ್ಲೇ ಬ್ರೇಕ್ ಹಾಕ್ಲಿಕ್ಕ ಹೋದೆ ಅಕ್ಕಾ. ಅಂವ ಕೈ ಹಿಡದು, ರಸ್ತೆದಾಗ ನಿಂದ್ರಸಬ್ಯಾಡ, ಬಾಜೂಕ ತಗೋ, ಬಾಜೂಕ ತಗೋ ಅಂದ. ನಾ ಬಾಜೂಕ ತಗೊಂಡು ನೋಡೂತನಕ ಹೋಗಿದ್ದ.”

ಮನೆಗೆ ಹೋಗಿ ಅವ್ವನಿಗೆ ಹೇಳಿದೆ. ಅವಳು ಒಳಗೆ ಹೋಗಿ, ಹಿತ್ತಾಳೆ ತಂಬಿಗೆ ತೊಳೆದು ನೀರು ತುಂಬಿ, ಮೇಲೆ ಬಟ್ಟೆ ಕಟ್ಟಿ ತಂದಳು. “ದಂಡೋತಿಗಿ ನಡಿ” ಎಂದಳು. ಬಸ್ಸಿನಲ್ಲಿ ಆ ತಂಬಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಎರಡೂ ಕೈಯಿಂದ ಹಿಡಿದು ಕೂತಿದ್ದಳು. ತಮ್ಮ ಬಿದ್ದ ಜಾಗ ಬಂದಾಗ ಕಣ್ಣು ಮುಚ್ಚಿದಳು.

ಅವನನ್ನು ನಮ್ಮ ಕಡೆಯ ರೂಢಿಯಂತೆ ಮನೆಯ ಮುಂದೆ ಗೋಡೆಗೆ ಒರಗಿಸಿ ಕೂರಿಸಿದ್ದರು. ಬಂದವರು ಒಬ್ಬೊಬ್ಬರಾಗಿ ಬಾಯಿಗೆ ನೀರು ಬಿಡುತ್ತಿದ್ದರು. ನಾವು ಯಾರೆಂದು ಅಲ್ಲಿ ಎಲ್ಲರಿಗೂ ಗೊತ್ತಿತ್ತು, ದಾರಿ ಬಿಟ್ಟರು. ಅವ್ವ ಅವನ ಮುಂದೆ ಕೂತು ಬಟ್ಟೆ ಬಿಚ್ಚಿದಳು. ತಂಬಿಗೆ ಎತ್ತಿದಳು. ಕೈ ಅರ್ಧಕ್ಕೆ ಹೋಗಿ ನಿಂತಿತು. ಮತ್ತೆ ಎತ್ತಿದಳು, ಮತ್ತೆ ನಿಂತಿತು.

“ನನ್ನ ಕೈ ಏಳವಲ್ದು” ಎಂದು ತಂಬಿಗೆಯನ್ನು ನನಗೆ ಕೊಟ್ಟಳು. “ನೀ ಹಾಕು.”

ನಾನು ತಂಬಿಗೆ ಬಗ್ಗಿಸಿದೆ. ಬಾಯಿ ಬಿಗಿದುಕೊಂಡಿತ್ತು. ನೀರು ಒಳಗೆ ಹೋಗದೆ ಗದ್ದಕ್ಕೆ ಇಳಿದು, ಕುತ್ತಿಗೆಗುಂಟ ಹರಿದು ಎದೆಯ ಮೇಲೆ ಸುರಿಯಿತು. ಅವ್ವ ಮುಂದಕ್ಕೆ ಬಾಗಿ, ತನ್ನ ಸೆರಗಿನಿಂದ ಅದನ್ನು ಒರೆಸಿದಳು.